ಶೆಟ್ರೇ, ಸಿಪ್ಯಾಪ್ ವಾಪಸ್ ಕೊಡುವ ಮುಂಚೆ ಇದಿಷ್ಟು ನೋಡಿ

ಶೆಟ್ರೇ, ನಮ್ಮ ತಾಳಮದ್ದಳೆಯ (ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಗುಂಪಿನಲ್ಲಿ ನಿದ್ದೆಯ ಯಂತ್ರದ ಪ್ರಶ್ನೆ ಹಾಕಿದ್ದಕ್ಕೆ ಕ್ಷಮೆ ಕೇಳಿದ್ದೀರಿ. ಅದೆಲ್ಲ ಬೇಡ. ಇಲ್ಲಿ ಅರ್ಧ ಜನ ಐವತ್ತು ದಾಟಿದವರು. ಎದುರಿನವರು ಪೀಠಿಕೆ ಹಾಕುವಾಗ ಯಾರ್ಯಾರು ತೂಕಡಿಸುತ್ತಾರೆ ಅಂತ ಎಲ್ಲರಿಗೂ ಗೊತ್ತು. ನನಗೂ ನಿಮ್ಮ ಹಾಗೆ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ; ಕೆಲವು ವರ್ಷಗಳಿಂದ ಸಿಪ್ಯಾಪ್ (ಮಾಸ್ಕಿನ ಮೂಲಕ ಒತ್ತಡದ ಗಾಳಿ ಬಿಡುವ ಯಂತ್ರ) ಹಾಕಿಕೊಂಡೇ ಮಲಗುವವನು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನೀವು ಬರೆದದ್ದು ಇಷ್ಟು. ನಿದ್ದೆಯ ಪರೀಕ್ಷೆಯಲ್ಲಿ ಎ.ಎಚ್.ಐ. 38 ಬಂತು. ಡಾಕ್ಟರು ಒತ್ತಡವನ್ನು ತಾನೇ ಹೊಂದಿಸಿಕೊಳ್ಳುವ ಆಟೋ ಯಂತ್ರ ಬರೆದುಕೊಟ್ಟರು, ಒತ್ತಡ 6ರಿಂದ 14 (ಸೆಂ.ಮೀ. ನೀರಿನ ಲೆಕ್ಕದಲ್ಲಿ). ಮೂಗಿನ ಮೇಲೆ ಕೂರುವ ಮಾಸ್ಕ್. ಹಾಕಿದ ಕೂಡಲೇ ಉಸಿರು ಕಟ್ಟುತ್ತದೆ. ನಡುರಾತ್ರಿ ಗೊತ್ತೇ ಆಗದೆ ಕಿತ್ತು ಹಾಕುತ್ತೀರಿ. ಬೆಳಿಗ್ಗೆ ಬಾಯಿ ಒಣಗಿರುತ್ತದೆ, ಹೊಟ್ಟೆ ಉಬ್ಬಿರುತ್ತದೆ. ರಾತ್ರಿ ಕರೆಂಟು ಹೋದರೆ ಏನು ಗತಿ ಅಂತ ಮನೆಯವರಿಗೆ ಹೆದರಿಕೆ. ಸ್ವರ ಕೆಡುತ್ತದಾ? ಮುಂದಿನ ತಿಂಗಳು ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೋಗುವಾಗ ಏನು ಮಾಡುವುದು? ಸುಮ್ನೆ ವಾಪಸ್ ಕೊಟ್ಟುಬಿಡಲಾ?

ಕೊಡಬೇಡಿ. 38 ಅಂದರೆ ನಿದ್ದೆಯಲ್ಲಿ ಗಂಟೆಗೆ ಸರಾಸರಿ 38 ಸಲ ನಿಮ್ಮ ಉಸಿರು ನಿಲ್ಲುತ್ತದೆ ಅಥವಾ ತೀರಾ ಕಡಿಮೆಯಾಗುತ್ತದೆ, ಪ್ರತಿ ಸಲವೂ ಕನಿಷ್ಠ 10 ಸೆಕೆಂಡು. 5ರಿಂದ 15 ಇದ್ದರೆ ಸೌಮ್ಯ, 30 ದಾಟಿದರೆ ತೀವ್ರ ಅಂತ ಲೆಕ್ಕ. ಇದು ಬರೀ ಗೊರಕೆಯ ವಿಷಯ ಅಲ್ಲ. ಬಿ.ಪಿ., ಹೃದಯ ಎರಡಕ್ಕೂ ಇದರ ಏಟು ಬೀಳುತ್ತದೆ. 2022ರ ಫೆಬ್ರವರಿಯಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಹಿರಿಯವರು ಇಲ್ಲೇ ಮುಂಬಯಿಯ ಜುಹೂದಲ್ಲಿ ತೀರಿಕೊಂಡಾಗ ಡಾಕ್ಟರುಗಳು ಹೇಳಿದ ಕಾರಣದಲ್ಲಿ ಇದೇ ಕಾಯಿಲೆಯ ಹೆಸರಿತ್ತು. ಹೆದರಿಸಲಿಕ್ಕೆ ಹೇಳಿದ್ದಲ್ಲ. ನೀವು ಪಟ್ಟಿ ಮಾಡಿದ ಒಂದೊಂದು ತೊಂದರೆಗೂ ಬೇರೆ ಬೇರೆ ಕಾರಣ ಇದೆ, ಬೇರೆ ಬೇರೆ ಮದ್ದೂ ಇದೆ. ಎಲ್ಲವನ್ನೂ ಒಟ್ಟಿಗೆ ಸೇರಿಸಿ "ನನಗೆ ಇದು ಒಗ್ಗುವುದಿಲ್ಲ" ಅಂದುಬಿಟ್ಟರೆ ಯಾವುದೂ ಸರಿಯಾಗುವುದಿಲ್ಲ.

ಮೊದಲು ಯಂತ್ರ ಏನು ಮಾಡುತ್ತದೆ ಅಂತ ತಿಳಿದುಕೊಳ್ಳಿ, ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ. ಇದು ಆಕ್ಸಿಜನ್ ಕೊಡುವ ಯಂತ್ರ ಅಲ್ಲ. ನಮ್ಮ ಕೋಣೆಯ ಗಾಳಿಯನ್ನೇ ಸ್ವಲ್ಪ ಒತ್ತಡದಿಂದ ಮೂಗಿಗೆ ಬಿಡುತ್ತದೆ. ನಿದ್ದೆಯಲ್ಲಿ ಗಂಟಲಿನ ಮೆದು ಭಾಗ ಸಡಿಲಾಗಿ ದಾರಿ ಮುಚ್ಚುತ್ತದಲ್ವಾ, ಅದು ಮುಚ್ಚದ ಹಾಗೆ ಆ ಗಾಳಿ ತಡೆದು ಹಿಡಿಯುತ್ತದೆ. ಅಷ್ಟೇ. 1981ರಲ್ಲಿ ಸಿಡ್ನಿಯ ಡಾಕ್ಟರ್ ಕಾಲಿನ್ ಸಲಿವನ್ ಐದು ಜನ ರೋಗಿಗಳ ಮೇಲೆ ಇದನ್ನು ಮಾಡಿ ತೋರಿಸಿದರು. ಅದಕ್ಕೆ ಮೊದಲು ತೀವ್ರ ಕಾಯಿಲೆಯವರಿಗೆ ಗಂಟಲಿನಲ್ಲಿ ತೂತು ಕೊರೆಯುವುದೇ ಮುಖ್ಯ ದಾರಿಯಾಗಿತ್ತು. ಅದನ್ನು ನೆನೆದರೆ ಮಾಸ್ಕೇ ವಾಸಿ.

ಉಸಿರು ಕಟ್ಟುವ ವಿಷಯಕ್ಕೆ ಬರುತ್ತೇನೆ. ಹೊಸಬರು ಗಾಳಿ ಜಾಸ್ತಿಯಾಯಿತು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಆಗುವುದು ಉಲ್ಟಾ. ಯಂತ್ರದಲ್ಲಿ ರ‍್ಯಾಂಪ್ ಅಂತ ಒಂದು ಸೌಲಭ್ಯ ಇದೆ. ನೀವು ನಿದ್ದೆ ಹೋಗುವವರೆಗೆ ಒತ್ತಡವನ್ನು ಕೆಳಗೆ ಇಟ್ಟು, ಆಮೇಲೆ ನಿಧಾನಕ್ಕೆ ಏರಿಸುತ್ತದೆ. ಅದು 4ರಿಂದ ಶುರುವಾಗುವ ಹಾಗೆ ಇದ್ದರೆ ದೊಡ್ಡ ಆಳಿಗೆ ಗಾಳಿ ಸಾಕಾಗುವುದಿಲ್ಲ, ಎಳೆದು ಎಳೆದು ಉಸಿರಾಡಬೇಕಾಗುತ್ತದೆ. ನಿಮ್ಮದರಲ್ಲಿ ರ‍್ಯಾಂಪ್ ಎಲ್ಲಿಂದ ಶುರು ಅಂತ ನೋಡಿ. 4 ಇದ್ದರೆ ಸ್ವಲ್ಪ ಏರಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಉಸಿರು ಬಿಡುವುದು ಕಷ್ಟ ಅನ್ನಿಸಿದರೆ, ಬಿಡುವಾಗ ಮಾತ್ರ ಒತ್ತಡ ತಗ್ಗಿಸುವ ಸೆಟ್ಟಿಂಗ್ ಬೇರೆ ಇದೆ. ಅದನ್ನೂ ಕೇಳಿ. ಆದರೆ 6 ಮತ್ತು 14 ಅನ್ನುವ ಮುಖ್ಯ ಅಂಕಿಗಳನ್ನು ವಿಡಿಯೋ ನೋಡಿ ನೀವೇ ಬದಲಾಯಿಸಬೇಡಿ.

ಇನ್ನೊಂದು, ಮಾಸ್ಕನ್ನು ರಾತ್ರಿ ಮಲಗುವಾಗಲೇ ಮೊದಲು ಮುಟ್ಟುವುದು ಬೇಡ. ಸಂಜೆ ಕಾಫಿ ಆದ ಮೇಲೆ ಕುರ್ಚಿಯಲ್ಲಿ ಕೂತು, ಯಂತ್ರಕ್ಕೆ ಜೋಡಿಸದೆ ಬರೀ ಮಾಸ್ಕ್ ಮುಖಕ್ಕೆ ಹಿಡಿದುಕೊಳ್ಳಿ. ಬೇಕೆನಿಸಿದಾಗ ತೆಗೆಯಬಹುದು ಅಂತ ಕೈಗೆ ಗೊತ್ತಾಗಬೇಕು. ಆಮೇಲೆ ಪಟ್ಟಿ ಹಾಕಿಕೊಳ್ಳಿ. ಅದು ಸರಿಹೋದ ಮೇಲೆ ಯಂತ್ರ ಶುರು ಮಾಡಿ, ಹಳೆಯ ಪ್ರಸಂಗದ ರೆಕಾರ್ಡಿಂಗ್ ಏನಾದರೂ ಹಾಕಿಕೊಂಡು ಕೂತಿರಿ. ಮನಸ್ಸು ಭಾಗವತಿಕೆಯ ಕಡೆ ಹೋದರೆ ಮೂಗಿನ ಮೇಲಿರುವುದು ಮರೆತುಹೋಗುತ್ತದೆ. ದಿನಾ ಸ್ವಲ್ಪ ಹೊತ್ತು ಹೀಗೆ ಮಾಡಿ. ಮೂಗಿನ ಮಾಸ್ಕ್ ಹಾಕಿದಾಗ ಬಾಯಿ ತೆರೆದು ಮಾತಾಡಲಿಕ್ಕೆ ಹೋಗಬೇಡಿ, ಗಾಳಿ ಬಾಯಿಯಿಂದ ನುಗ್ಗಿ ಹೊರಬಂದು ಗಾಬರಿಯಾಗುತ್ತದೆ. ಅರ್ಥಧಾರಿಗಳಿಗೆ ಇದೊಂದೇ ನಿಜವಾದ ಶಿಕ್ಷೆ.

ಮಾಸ್ಕ್ ಕೂರಿಸುವುದರಲ್ಲೇ ಮುಕ್ಕಾಲು ಪಾಲು ಕೆಲಸ ಇದೆ. ಅಂಗಡಿಯಲ್ಲಿ ಕೂತಲ್ಲೇ ಹಾಕಿ ನೋಡಿದರೆ ಪ್ರಯೋಜನ ಇಲ್ಲ. ಮಲಗಿದಾಗ ಮುಖದ ಮಾಂಸ ಜರುಗುತ್ತದೆ, ಸೀಲ್ ಬದಲಾಗುತ್ತದೆ. ಯಂತ್ರ ಓಡುತ್ತಿರುವಾಗ, ನೀವು ಮಲಗುವ ಮಗ್ಗುಲಿನಲ್ಲೇ ಮಲಗಿಕೊಂಡು ಪಟ್ಟಿ ಸರಿ ಮಾಡಿ. ಮಾಸ್ಕನ್ನು ಮುಖದಿಂದ ಸ್ವಲ್ಪ ಮುಂದಕ್ಕೆ ಎಳೆದು ಬಿಡಿ. ಅಂಚಿನ ತೆಳು ಸಿಲಿಕಾನ್ ಗಾಳಿ ತುಂಬಿಕೊಂಡು ತಾನೇ ಕೂರುತ್ತದೆ. ಮದ್ದಳೆಯ ಬಾರು ಬಿಗಿದ ಹಾಗೆ ಪಟ್ಟಿ ಬಿಗಿಯಬೇಡಿ. ಬಿಗಿದಷ್ಟೂ ಆ ತೆಳು ಅಂಚು ಮಡಚಿಕೊಂಡು ಗಾಳಿ ಜಾಸ್ತಿ ಸೋರುತ್ತದೆ, ಮೂಗಿನ ಮೇಲೆ ಗಾಯವೂ ಆಗುತ್ತದೆ. ಮಾಸ್ಕಿನ ಮುಂದೆ ಸಣ್ಣ ತೂತುಗಳಿಂದ ಗಾಳಿ ಬರುತ್ತದೆ, ಅದು ಸೋರಿಕೆ ಅಲ್ಲ. ನಾವು ಬಿಟ್ಟ ಉಸಿರು ಹೊರಗೆ ಹೋಗುವ ದಾರಿ ಅದು. ದಯವಿಟ್ಟು ಅದಕ್ಕೆ ಟೇಪು ಅಂಟಿಸಬೇಡಿ.

ನೀವು ಆಗಾಗ ಯಕ್ಷಗಾನದ ವೇಷವನ್ನೂ ಮಾಡುತ್ತೀರಲ್ವಾ? ಆಟ ಮುಗಿಸಿ ಬಣ್ಣ ತೆಗೆಯಲಿಕ್ಕೆ ತೆಂಗಿನೆಣ್ಣೆ ಹಚ್ಚಿದ ಮುಖಕ್ಕೆ ಮಾಸ್ಕ್ ನಿಲ್ಲುವುದೇ ಇಲ್ಲ, ಜಾರುತ್ತದೆ. ಎಣ್ಣೆ ಸಿಲಿಕಾನನ್ನೂ ಕೆಡಿಸುತ್ತದೆ. ಸೋಪು ಹಾಕಿ ಮುಖ ತೊಳೆದು, ಒರೆಸಿ, ಆಮೇಲೆ ಹಾಕಿಕೊಳ್ಳಿ. ನಿಮ್ಮ ಮೀಸೆಯೂ ಒಂದು ಕಾರಣ ಇರಬಹುದು. ದಪ್ಪ ಮೀಸೆಯ ಮೇಲೆ ಮೂಗಿನ ಮಾಸ್ಕ್ ಸರಿಯಾಗಿ ಕೂರುವುದಿಲ್ಲ. ಮೀಸೆ ತೆಗೆಯಿರಿ ಅಂತ ಹೇಳುವ ಧೈರ್ಯ ನನಗಿಲ್ಲ. ಮೂಗಿನ ಹೊಳ್ಳೆಗೆ ನೇರ ಕೂರುವ ಪಿಲ್ಲೋ ಮಾಸ್ಕ್ ಸಿಗುತ್ತದೆ, ಅದನ್ನು ಹಾಕಿ ನೋಡಿ.

ಬಾಯಿ ಒಣಗುವುದಕ್ಕೆ ಕಾರಣ ಬಾಯಿ ತೆರೆದುಕೊಳ್ಳುವುದು. ಮೂಗಿನಿಂದ ಹೋದ ಗಾಳಿ ಬಾಯಿಯಿಂದ ಹೊರಬೀಳುತ್ತದೆ. ಬಾಯಿ ಯಾಕೆ ತೆರೆಯುತ್ತದೆ ಅಂತ ಹುಡುಕಿ. ಮೂಗು ಕಟ್ಟಿರುತ್ತದೆಯಾ? ಮುಂಬಯಿಯ ಮಳೆಗಾಲದಲ್ಲಿ ಗೋಡೆಗೆ ಬೂಷ್ಟು ಹಿಡಿದ ಮನೆಗಳಲ್ಲಿ ಇದು ಸಾಮಾನ್ಯ. ಮಲಗುವ ಮುಂಚೆ ಸಲೈನ್ ನೀರಿನಿಂದ ಮೂಗು ತೊಳೆಯಿರಿ, ಆದರೂ ಕಟ್ಟಿದರೆ ಇ.ಎನ್.ಟಿ. ಡಾಕ್ಟರಿಗೆ ತೋರಿಸಿ. ಮೂಗಿನ ಎಲುಬು ವಾಲಿದ್ದರೂ ಅವರಿಗೆ ಗೊತ್ತಾಗುತ್ತದೆ. ಮೂಗು ಸರಿ ಇದ್ದೂ ಬಾಯಿ ತೆರೆದರೆ ಗಲ್ಲದ ಪಟ್ಟಿ ಹಾಕಬಹುದು, ಇಲ್ಲವೇ ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್‌ಗೆ ಹೋಗಬಹುದು. ಬಾಯಿಗೆ ಟೇಪು ಅಂಟಿಸುವ ವಿಡಿಯೋಗಳು ಜಾಸ್ತಿ ಓಡಾಡುತ್ತಿವೆ, ಡಾಕ್ಟರನ್ನು ಕೇಳದೆ ಅದನ್ನು ಮಾಡಬೇಡಿ.

ಹ್ಯುಮಿಡಿಫೈಯರ್ (ಯಂತ್ರದ ಗಾಳಿಗೆ ತೇವ ಕೊಡುವ ನೀರಿನ ಡಬ್ಬಿ) ಬಗ್ಗೆ: ಎ.ಸಿ. ಹಾಕಿದ ಕೋಣೆಯಲ್ಲಿ ಗಾಳಿ ಒಣಗಿರುತ್ತದೆ, ಹಾಗಾಗಿ ತೇವ ಸ್ವಲ್ಪ ಏರಿಸಿ. ಆದರೆ ತೀರಾ ಏರಿಸಿದರೆ ತಣ್ಣಗಿನ ಟ್ಯೂಬಿನಲ್ಲಿ ನೀರು ಕಟ್ಟಿ, ಬೆಳಗಿನ ಜಾವ ಮೂಗಿಗೆ ಚಿಮ್ಮುತ್ತದೆ. ಹಾಗಾದರೆ ತೇವ ಒಂದು ಮೆಟ್ಟಿಲು ಇಳಿಸಿ, ಟ್ಯೂಬನ್ನು ಹೊದಿಕೆಯೊಳಗೆ ತೆಗೆದುಕೊಳ್ಳಿ, ಯಂತ್ರವನ್ನು ಹಾಸಿಗೆಗಿಂತ ತಗ್ಗಿನಲ್ಲಿ ಇಡಿ. ಎ.ಸಿ. ಇಲ್ಲದ ಜುಲೈ ತಿಂಗಳಲ್ಲಿ ನನಗಂತೂ ಇದು ಬೇಕೇ ಆಗುವುದಿಲ್ಲ. ಡಿಸೆಂಬರಿನಲ್ಲಿ ಪುಣೆಯ ಮಗಳ ಮನೆಗೆ ಹೋದರೆ ಅಲ್ಲಿನ ಒಣ ಚಳಿಗೆ ಬೇಕೇ ಬೇಕು. ನೀರು ಡಿಸ್ಟಿಲ್ಡ್ ವಾಟರ್ ಆಗಿರಲಿ, ಅದೂ ಮೆಡಿಕಲ್ ಅಂಗಡಿಯದ್ದು. ಪೆಟ್ರೋಲ್ ಪಂಪಿನ ಬ್ಯಾಟರಿ ವಾಟರ್ ಬೇಡ. ಒಂದೆರಡು ರಾತ್ರಿ ಸಿಗದಿದ್ದರೆ ಕುದಿಸಿ ಆರಿಸಿದ ನೀರು ನಡೆಯುತ್ತದೆ. ಬೆಳಿಗ್ಗೆ ಉಳಿದ ನೀರು ಚೆಲ್ಲಿ ಡಬ್ಬಿ ಒಣಗಿಸಿ.

ಸ್ವರದ ಚಿಂತೆ ಬಿಡಿ. ಗಾಳಿಯಲ್ಲಿ ತೇವ ಇದ್ದು, ಬಾಯಿ ಮುಚ್ಚಿದ್ದರೆ ಗಂಟಲು ಒಣಗುವುದಿಲ್ಲ. ರಾತ್ರಿಯಿಡೀ ಬಾಯಿ ತೆರೆದು ಗೊರಕೆ ಹೊಡೆಯುವುದೇ ಗಂಟಲಿಗೆ ಜಾಸ್ತಿ ಕೆಟ್ಟದ್ದು.

ಹೊಟ್ಟೆ ಉಬ್ಬರ ಗಾಳಿ ನುಂಗುವುದರಿಂದ. ಗಾಳಿ ಅನ್ನನಾಳಕ್ಕೆ ನುಗ್ಗುತ್ತದೆ. ರಾತ್ರಿ ಹತ್ತೂವರೆಗೆ ಊಟ ಮಾಡಿ ಹನ್ನೊಂದಕ್ಕೆ ಮಲಗುವ ನಮ್ಮ ಮುಂಬಯಿ ಪದ್ಧತಿ ಅದಕ್ಕೆ ಸಹಾಯ ಮಾಡುತ್ತದೆ. ಊಟ ಬೇಗ ಮುಗಿಸಿ, ತಲೆಯ ಕಡೆ ಸ್ವಲ್ಪ ಎತ್ತರ ಮಾಡಿ, ಎಡಮಗ್ಗುಲಿಗೆ ಮಲಗಿ ನೋಡಿ. ಕಡಿಮೆಯಾಗದಿದ್ದರೆ ಡಾಕ್ಟರಿಗೆ ಇದನ್ನು ಹೇಳಲೇಬೇಕು. ಮೇಲಿನ 14 ಜಾಸ್ತಿಯಾಗಿರಬಹುದು.

ನಡುರಾತ್ರಿ ಕಿತ್ತು ಹಾಕುವುದು ಮೊದಮೊದಲು ಹೆಚ್ಚಿನವರಿಗೆ ಆಗುತ್ತದೆ. ಎಚ್ಚರವಾದಾಗ ಬೈದುಕೊಳ್ಳದೆ ಮತ್ತೆ ಹಾಕಿಕೊಳ್ಳಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಕನಸು ಬೀಳುವ ನಿದ್ದೆ ಬೆಳಗಿನ ಜಾವದಲ್ಲಿ ಜಾಸ್ತಿ ಬರುತ್ತದೆ, ಆಗ ಸ್ನಾಯುಗಳು ಇನ್ನೂ ಸಡಿಲ. ಎಷ್ಟೋ ಜನರಿಗೆ ಉಸಿರು ನಿಲ್ಲುವುದೂ ಆಗಲೇ ಜಾಸ್ತಿ. ಮೂರು ಗಂಟೆಗೆ ಮಾಸ್ಕ್ ತೆಗೆದರೆ ಬೇಕಾದ ಹೊತ್ತಿಗೇ ಇಲ್ಲದ ಹಾಗಾಯಿತು. ಅಮೆರಿಕದ ವಿಮೆಯವರು ರಾತ್ರಿಗೆ 4 ಗಂಟೆ ಹಾಕಿದರೆ ಸಾಕು ಅಂತ ಲೆಕ್ಕ ಹಿಡಿಯುತ್ತಾರೆ. ಅದು ಅವರ ಕಾಗದದ ಲೆಕ್ಕ. ನಿದ್ದೆ ಮಾಡಿದಷ್ಟೂ ಹೊತ್ತು ಹಾಕುವುದೇ ಗುರಿ, ಮಧ್ಯಾಹ್ನದ ನಿದ್ದೆಗೂ. ರಾತ್ರಿಯಿಡೀ ಆಟ ಮಾಡಿ ಹಗಲು ಮಲಗುವ ದಿನ ಇದನ್ನು ಮರೆಯಬೇಡಿ. ಆಟದ ನಂತರದ ಒಂದೆರಡು ಪೆಗ್ಗಿನ ಅಭ್ಯಾಸ ಯಾರಿಗಾದರೂ ಇದ್ದರೆ (ಹೆಸರು ಹೇಳುವುದಿಲ್ಲ), ಮದ್ಯ ಗಂಟಲನ್ನು ಇನ್ನಷ್ಟು ಸಡಿಲ ಮಾಡುತ್ತದೆ. ನಿದ್ದೆ ಮಾತ್ರೆಯನ್ನೂ ಡಾಕ್ಟರಿಗೆ ಹೇಳದೆ ತೆಗೆದುಕೊಳ್ಳಬೇಡಿ. ಹಗಲು ತೂಕಡಿಕೆ ಹೋಗುವವರೆಗೆ ಪುಣೆಯ ಎಕ್ಸ್‌ಪ್ರೆಸ್‌ವೇಯಲ್ಲಿ ಸ್ಟಿಯರಿಂಗ್ ಮಗನ ಕೈಯಲ್ಲಿರಲಿ.

ಅತ್ತಿಗೆಯವರಿಗೆ ಹೇಳಿ, ಕರೆಂಟು ಹೋದರೆ ಯಂತ್ರ ನಿಲ್ಲುತ್ತದೆ, ಉಸಿರು ನಿಲ್ಲುವುದಿಲ್ಲ. ಮೂಗಿನ ಮಾಸ್ಕ್ ಆದರೆ ಬಾಯಿಯಿಂದ ಉಸಿರಾಡಬಹುದು. ಬಾಯಿಯನ್ನೂ ಮುಚ್ಚುವ ಮಾಸ್ಕಿನಲ್ಲಿ, ಗಾಳಿ ನಿಂತ ಕೂಡಲೇ ಹೊರಗಿನ ಗಾಳಿಗೆ ತೆರೆದುಕೊಳ್ಳುವ ವಾಲ್ವ್ ಇರುತ್ತದೆ. ಸೆಕೆಗೆ ನಿಮಗೇ ಎಚ್ಚರವಾಗುತ್ತದೆ, ತೆಗೆದಿಟ್ಟರೆ ಆಯಿತು. ಒಂದು ಎಚ್ಚರಿಕೆ ಮಾತ್ರ: ಕೆಲವು ಮಾಸ್ಕ್‌ಗಳ ಕೊಂಡಿಯಲ್ಲಿ ಅಯಸ್ಕಾಂತ ಇರುತ್ತದೆ. ನಿಮಗೋ ಪಕ್ಕದಲ್ಲಿ ಮಲಗುವವರಿಗೋ ಪೇಸ್‌ಮೇಕರ್ ಇದ್ದರೆ ಅಂಥದ್ದನ್ನು ತೆಗೆದುಕೊಳ್ಳಬೇಡಿ.

ತೊಳೆಯುವುದು ಸುಲಭ. ಮಾಸ್ಕಿನ ಮೆತ್ತೆಯನ್ನು ದಿನಾ ಒರೆಸಿ. ವಾರಕ್ಕೊಮ್ಮೆ ಮಾಸ್ಕ್, ಟ್ಯೂಬ್, ಡಬ್ಬಿ ಮೂರನ್ನೂ ಮೃದು ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಡೆಟಾಲ್, ಸ್ಪಿರಿಟ್ ಬೇಡ. ಓಝೋನ್ ಬಿಡುವ ಕ್ಲೀನರ್ ಡಬ್ಬಿಗಳಿಗೆ ದುಡ್ಡು ಹಾಕಬೇಡಿ. ಫಿಲ್ಟರನ್ನು ತಿಂಗಳಿಗೊಮ್ಮೆ ನೋಡಿ. ನಮ್ಮ ಕಡೆ ಮೆಟ್ರೋ ಕೆಲಸದ ಧೂಳಿಗೆ ಅದು ಬೇಗ ಕಪ್ಪಾಗುತ್ತದೆ.

ಭಟ್ರು ನಿಮ್ಮ ಪ್ರಶ್ನೆಯ ಕೆಳಗೆ ಸೆಕೆಂಡ್ ಹ್ಯಾಂಡ್ ಯಂತ್ರದ ವಿಷಯ ಎತ್ತಿದ್ದಾರೆ. ಭಟ್ರೇ, ಬೇಡ. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ಒಳಗಿನ ಫೋಮ್ ಪುಡಿಯಾಗುತ್ತದೆ ಅಂತ ತನ್ನ ಬಹಳಷ್ಟು ಯಂತ್ರಗಳನ್ನು ವಾಪಸ್ ಕರೆಸಿತು. ಅಂಥ ಹಳೆಯವು ಇನ್ನೂ ಕೈ ಬದಲಾಯಿಸುತ್ತಿರಬಹುದು. ಮಾಸ್ಕ್ ಮಾತ್ರ ಬೇಕಾದರೆ ಪ್ರಿನ್ಸೆಸ್ ಸ್ಟ್ರೀಟಿನ ಸರ್ಜಿಕಲ್ ಅಂಗಡಿಗಳಲ್ಲಿ ಹುಡುಕಬಹುದು. ಆದರೆ ಹೊಂದದಿದ್ದರೆ ಬದಲಾಯಿಸಿ ಕೊಡುತ್ತೀರಾ ಅಂತ ಮೊದಲೇ ಕೇಳಿ. ಮೆಡಿಕ್ಲೈಮ್ ನಂಬಬೇಡಿ, ಹೆಚ್ಚಿನ ಪಾಲಿಸಿಗಳಲ್ಲಿ ಸಿಪ್ಯಾಪ್ ಯಂತ್ರದ ದುಡ್ಡು ಬರುವುದಿಲ್ಲ.

ಮತ್ಸ್ಯಗಂಧದ ವಿಷಯ. ರೈಲಿನ ಚಾರ್ಜಿಂಗ್ ಪಾಯಿಂಟ್ ನಂಬಿ ಹೋಗಬೇಡಿ. ಬೆಂಕಿಯ ಭಯಕ್ಕೆ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಅದನ್ನು ಬಂದ್ ಮಾಡುವ ಕ್ರಮ ಇದೆ. ಸಿಪ್ಯಾಪ್‌ಗೆ ಅಂತಲೇ ಬರುವ ಬ್ಯಾಟರಿ ಸಿಗುತ್ತದೆ. ಹ್ಯುಮಿಡಿಫೈಯರ್ ಬಂದ್ ಮಾಡಿದರೆ ಅದು ತುಂಬಾ ಹೊತ್ತು ಬರುತ್ತದೆ, ಏಕೆಂದರೆ ಕರೆಂಟು ತಿನ್ನುವುದು ನೀರು ಬಿಸಿ ಮಾಡುವ ಕೆಲಸವೇ. ಕೆಳಗಿನ ಬರ್ತ್ ಕೇಳಿ ಪಡೆಯಿರಿ. ನೀರಿನ ಡಬ್ಬಿ ಖಾಲಿ ಮಾಡಿಯೇ ಚೀಲಕ್ಕೆ ಹಾಕಿ, ನೀರು ಯಂತ್ರದೊಳಗೆ ಹೋದರೆ ಕೆಲಸ ಕೆಟ್ಟಿತು. ವಿಮಾನದಲ್ಲಾದರೆ ಯಂತ್ರವನ್ನು ಲಗೇಜಿಗೆ ಹಾಕದೆ ಕೈಯಲ್ಲೇ ಇಟ್ಟುಕೊಳ್ಳಿ, ಡಾಕ್ಟರ ಚೀಟಿ ಜೊತೆಗಿರಲಿ.

ಈ ವಾರ ಒಂದೇ ಕೆಲಸ ಮಾಡಿ. ಬೆಳಿಗ್ಗೆ ಯಂತ್ರದ ಪರದೆಯಲ್ಲಿ ಮೂರು ವಿಷಯ ನೋಡಿ ಬರೆದಿಡಿ: ಎಷ್ಟು ಗಂಟೆ ಹಾಕಿದಿರಿ, ಎ.ಎಚ್.ಐ. ಎಷ್ಟು, ಮಾಸ್ಕ್ ಸೋರಿಕೆ ಹೇಗಿದೆ. ಎ.ಎಚ್.ಐ. 5ಕ್ಕಿಂತ ಕೆಳಗೆ ಬಂದರೆ ಒಳ್ಳೆಯದು. ರೆಸ್‌ಮೆಡ್ ಕಂಪನಿಯ ಯಂತ್ರವಾದರೆ ಸೋರಿಕೆ ನಿಮಿಷಕ್ಕೆ 24 ಲೀಟರ್ ದಾಟಬಾರದು. ಸೋರಿಕೆ ಜಾಸ್ತಿ ಇದ್ದ ರಾತ್ರಿಯ ಎ.ಎಚ್.ಐ.ಯನ್ನು ಪೂರ್ತಿ ನಂಬುವ ಹಾಗಿಲ್ಲ, ಹಾಗಾಗಿ ಮೊದಲು ಸೋರಿಕೆ ಸರಿ ಮಾಡಿ. ಆ ಅಂಕಿಗಳ ಫೋಟೋ ಇಲ್ಲೇ ಹಾಕಿ. ಭಾನುವಾರ ಮಾಟುಂಗಾಕ್ಕೆ ಕೂಟಕ್ಕೆ ಬರುವಾಗ ಮಾಸ್ಕ್ ಚೀಲದಲ್ಲಿರಲಿ, ಊಟದ ಬಿಡುವಿನಲ್ಲಿ ಪಟ್ಟಿ ನೋಡೋಣ. ಬದಲಾಯಿಸಿಕೊಡುವ ಅವಧಿ ಎಷ್ಟಿದೆ ಅಂತ ಅಂಗಡಿಯವರಿಗೆ ನಾಳೆಯೇ ಫೋನ್ ಮಾಡಿ.