ಹಳಿ ಹೆಚ್ಚಿಸಿದರೆ ಮುಂಬೈ ಲೋಕಲ್ ನಿಜವಾಗಿ ಸುಧಾರಿಸುತ್ತಾ?

ಸುಧಾರಿಸುತ್ತದೆ, ಆದರೆ ಗಾಡಿಗಳು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತವೋ ಅಲ್ಲೇ ಕೆಲಸ ಆಗಿರಬೇಕು. ಮುಂಬೈ ಪಕ್ಕದ ಠಾಣೆ–ದಿವಾ ನಿಲ್ದಾಣಗಳ ನಡುವೆ 2022ರಲ್ಲಿ 5 ಮತ್ತು 6ನೇ ಹಳಿ ಶುರುವಾದವು. ಅದಕ್ಕೂ ಮುಂಚೆ ದೂರದ ಊರಿನ ಮೇಲ್ ಗಾಡಿ, ಫಾಸ್ಟ್ ಲೋಕಲ್ ಎರಡೂ ಅಲ್ಲಿ ಒಂದೇ ಹಳಿಯಲ್ಲಿ ಓಡುತ್ತಿದ್ದವು. ಮೇಲ್ ತಡವಾಗಿ ಬಂದರೆ ಹಿಂದಿನ ಲೋಕಲ್ ಸಿಗ್ನಲ್‌ನಲ್ಲಿ ನಿಲ್ಲಬೇಕು, ಅದರ ಹಿಂದಿನದ್ದೂ ನಿಲ್ಲಬೇಕು. ಚೀಲ ಎದೆಗೆ ಒತ್ತಿಕೊಂಡು, ಬಾಗಿಲ ಕಂಬ ಹಿಡಿದು ನಿಂತವರಿಗೆ ಆ ಐದು ನಿಮಿಷ ಎಷ್ಟು ಭಾರ ಅಂತ ಅದೇ ದಾರಿಯಲ್ಲಿರುವ ಡೊಂಬಿವ್ಲಿಯ ನಮ್ಮ ಕನ್ನಡದವರನ್ನೇ ಕೇಳಿ. ಈಗ ಅಲ್ಲಿ ಎರಡಕ್ಕೂ ಹಳಿ ಬೇರೆ.

ನೂಕುನುಗ್ಗಲು ಮಾತ್ರ ಇಷ್ಟರಿಂದಲೇ ಇಳಿಯಲ್ಲ. ಗಾಡಿಯೂ ಜಾಸ್ತಿ ಬೇಕು, ಡಬ್ಬಿಯೂ ಬೇಕು. 12ರ ಬದಲು 15 ಡಬ್ಬಿ ಅಂದರೆ ಕಾಲು ಪಾಲು ಜಾಗ ಹೆಚ್ಚು, ಅಲ್ವಾ? ಆದರೆ ಅದಕ್ಕೆ ಮೊದಲು ಪ್ಲಾಟ್‌ಫಾರ್ಮ್ ಉದ್ದವಾಗಬೇಕು.