ಟ್ವೀಟ್‌ಗಳಿಂದ ಜನಾಭಿಪ್ರಾಯದ ಏರಿಳಿತ ಅಳೆಯಲು ಯಾವ ಸೆಂಟಿಮೆಂಟ್ ಟೂಲ್ ಒಳ್ಳೆಯದು?

ಬರಹದ ಧಾಟಿ ಸಿಟ್ಟಿನದೋ, ಮೆಚ್ಚುಗೆಯದೋ ಅಂತ ಅಂಕ ಕೊಡುವ ಟೂಲ್ ಆಮೇಲೆ ನೋಡೋಣ. ನಾನೂ ಎಂ.ಎ. ಪ್ರಾಜೆಕ್ಟ್‌ಗೆ ಇದೇ ಪ್ರಶ್ನೆ ಹಿಡಿದುಕೊಂಡು ಅಲೆದವನು.

2023ರ ಏಪ್ರಿಲ್. ಬೆಂಗಳೂರಿಗೆ ಹಾಲು, ಮೊಸರು ತರುತ್ತೇವೆ ಅಂತ ಅಮುಲ್ ಪ್ರಕಟಿಸಿತು. ವಿಧಾನಸಭೆ ಚುನಾವಣೆ ಬೇರೆ ಹತ್ತಿರ. 'ಗೋ ಬ್ಯಾಕ್ ಅಮುಲ್', 'ಸೇವ್ ನಂದಿನಿ' ಹ್ಯಾಶ್‌ಟ್ಯಾಗ್‌ಗಳು ಹೊತ್ತಿಕೊಂಡವು. ಸಂಶೋಧಕರಿಗೆ ಟ್ವಿಟರ್ ಡೇಟಾ ಪುಕ್ಕಟೆ ಸಿಗುತ್ತಿದ್ದ ಕೊನೆಯ ದಿನಗಳು ಅವು. ಸಿಕ್ಕಷ್ಟು ಬಾಚಿಕೊಂಡೆ. ಗ್ರಾಫ್‌ನಲ್ಲಿ ಮೊದಲು ಬರೀ ಸಿಟ್ಟು. ಆಮೇಲೆ 'ನಂದಿನಿ ಬೇರೆ ರಾಜ್ಯದಲ್ಲಿ ಮಾರಲ್ವಾ, ಅಮುಲ್ ಬಂದರೇನು' ಅನ್ನೋ ಧಾಟಿ ಜಾಸ್ತಿ. 'ಜನರ ಸಿಟ್ಟು ಇಳಿಯಿತು' ಅಂತ ಬರೆದೆ. ಗೈಡ್ ಮೇಡಂ ಕೇಳಿದರು: "ಸಿಟ್ಟು ಇಳೀತಾ, ಇಲ್ಲಾ ಸಿಟ್ಟಾದವರು ಸುಮ್ಮನಾದ್ರಾ?"

ಬಾಯಿ ಕಟ್ಟಿತು. ಫೈಲ್ ಹಗುರ ಇರಲಿ ಅಂತ ಬರಹ, ತಾರೀಖು ಮಾತ್ರ ಉಳಿಸಿ, ಖಾತೆಯ ಐಡಿ ಇದ್ದ ಕಾಲಂ ಅಳಿಸಿದ್ದೆ. ಅದಿದ್ದಿದ್ದರೆ ಸೋಮವಾರ ಬೈದವನೇ ಶುಕ್ರವಾರ ಮೆತ್ತಗಾದನೋ, ಇಲ್ಲಾ ಅವನು ಜಾಗ ಖಾಲಿ ಮಾಡಿ ಯಾವುದೋ ಪಕ್ಷದ ಐಟಿ ಸೆಲ್‌ನವರು ಬಂದರೋ ನೋಡಬಹುದಿತ್ತು. ಮೊದಲನೆಯದಾದರೆ ಅಭಿಪ್ರಾಯ ಬದಲಾಗಿದೆ. ಎರಡನೆಯದಾದರೆ ಯಾರ ಮನಸ್ಸೂ ಬದಲಾಗಿಲ್ಲ, ಮಾತಾಡುವವರು ಬದಲಾಗಿದ್ದಾರೆ, ಅಷ್ಟೇ. ಸರಾಸರಿ ಗೆರೆ ಮಾತ್ರ ಎರಡಕ್ಕೂ ಒಂದೇ ಥರ ಇಳಿಯುತ್ತದೆ. ಟ್ವೀಟ್‌ನ ಐಡಿಯನ್ನೂ ಬಿಸಾಕಿದ್ದೆ, ಹಾಗಾಗಿ ಹುಡುಕಿ ಜೋಡಿಸುವಂತೆಯೂ ಇಲ್ಲ. ಮತ್ತೆ ತೆಗೆಯೋಣ ಅಂದರೆ ಅಷ್ಟರಲ್ಲಿ ಪುಕ್ಕಟೆ ಬಾಗಿಲು ಮುಚ್ಚಿತ್ತು. ದುಡ್ಡು ಕೊಟ್ಟು ತಗೊಳ್ಳೋ ಶಕ್ತಿ ನನಗೆಲ್ಲಿ? ಇಡೀ ಅಧ್ಯಾಯ ಕಸದ ಬುಟ್ಟಿಗೆ ಹೋಯಿತು.

ಟ್ವೀಟ್ ಎಣಿಸಿದರೆ ಜನಾಭಿಪ್ರಾಯ ಸಿಗುತ್ತದೆ ಅನ್ನೋದನ್ನೇ ಈಗ ನಾನು ಒಪ್ಪಲ್ಲ. 2009ರ ಜರ್ಮನಿ ಚುನಾವಣೆಯಲ್ಲಿ ಪಕ್ಷಗಳ ಹೆಸರಿದ್ದ ಟ್ವೀಟ್‌ಗಳ ಪಾಲು ಮತದ ಪಾಲಿಗೆ ಹತ್ತಿರ ಇತ್ತು ಅಂತ ಒಂದು ಅಧ್ಯಯನ ಹೆಸರು ಮಾಡಿತ್ತು. ಅದರಲ್ಲಿ ಬಿಟ್ಟುಹೋಗಿದ್ದ ಪೈರೇಟ್ ಅನ್ನೋ ಸಣ್ಣ ಪಕ್ಷವನ್ನೂ ಸೇರಿಸಿ ಬೇರೆ ಸಂಶೋಧಕರು ಎಣಿಸಿದಾಗ ಆ ಪಕ್ಷವೇ ಮೊದಲು ಬಂತು! ಅದಕ್ಕೆ ನಿಜವಾಗಿ ಬಿದ್ದಿದ್ದು ಶೇ. 2ರಷ್ಟು ಮತ.

ಹಾಗಾಗಿ 'ಜನ' ಅನ್ನೋದನ್ನು ಬಿಡಿ. ಒಂದು ವಿಷಯದ ಬಗ್ಗೆ ಪದೇ ಪದೇ ಬರೆದ ಖಾತೆಗಳನ್ನಷ್ಟೇ ಹಿಡಿದು ಹಿಂಬಾಲಿಸಿ. ಐಡಿ ಅಳಿಸಬೇಡಿ, ಹ್ಯಾಶ್ ಮಾಡಿ ಇಡಿ, ಅಂದರೆ ಪ್ರತಿ ಐಡಿಯ ಬದಲು ಅದಕ್ಕೇ ಮೀಸಲಾದ ಒಂದು ಗುಪ್ತ ಸಂಕೇತ ಹಾಕಿ. ಟೂಲ್ ಯಾವುದಾದರೂ ಇರಲಿ, 'ಬನ್ನಿ ಬನ್ನಿ, ನಿಮಗೇ ಕಾಯ್ತಿದ್ವಿ' ಅನ್ನೋ ವ್ಯಂಗ್ಯಕ್ಕೆ ಪಾಸಿಟಿವ್ ಅಂತ ಅಂಕ ಕೊಡಬಹುದು. ಅದಕ್ಕೆ ಕೆಲವು ನೂರು ಪೋಸ್ಟ್‌ಗಳನ್ನಾದರೂ ನೀವೇ ಓದಿ ಗುರುತು ಹಾಕಿ. ಟ್ವಿಟರ್ ದುಬಾರಿ ಅನಿಸಿದರೆ ಯೂಟ್ಯೂಬ್‌ನಲ್ಲಿ ಕನ್ನಡ ನ್ಯೂಸ್ ಚಾನೆಲ್‌ಗಳ ಕಾಮೆಂಟ್ ನೋಡಿ. ದಿನಕ್ಕಿಷ್ಟು ಅಂತ ಮಿತಿ ಇದ್ದರೂ ಎಪಿಐ (ಪ್ರೋಗ್ರಾಂ ಬರೆದು ಡೇಟಾ ಪಡೆಯುವ ದಾರಿ) ಪುಕ್ಕಟೆ, ಬರೆದವರ ಚಾನೆಲ್ ಐಡಿಯೂ ಜೊತೆಗೇ ಬರುತ್ತದೆ.