ಮಾತ್ರೆ ಪುಕ್ಕಟೆ, ಬಸ್ ಚಾರ್ಜು ಅಲ್ಲ

ನಿಮ್ಮ ಪ್ರಶ್ನೆ ಇದು: "ಜಗತ್ತಿನಲ್ಲೆಲ್ಲ ಊರ ಮಟ್ಟದ ಮಾನಸಿಕ ಆರೋಗ್ಯ ಸೇವೆ ಸುಧಾರಿಸಬೇಕಾದರೆ ಏನು ಮಾಡಬೇಕು? ಮನೋವೈದ್ಯರ ಸಂಖ್ಯೆ ಜಾಸ್ತಿ ಮಾಡಿದರೆ ಸಾಕಾ? ನಾನು ಎಂ.ಎಸ್.ಡಬ್ಲ್ಯೂ. (ಸಮಾಜ ಕಾರ್ಯ) ವಿದ್ಯಾರ್ಥಿ, ಫೀಲ್ಡ್ ವರ್ಕ್‌ಗೆ ಹೋಗುವ ಮೊದಲು ತಿಳಿದುಕೊಳ್ಳಬೇಕು."

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ನಮ್ಮ ಚಿಕ್ಕಪ್ಪನಿಗೆ ಸ್ಕಿಜೋಫ್ರೇನಿಯಾ ಇದೆ. ನಾನು ಪಿಯುಸಿ ಓದುವಾಗಿನಿಂದ ಅವರ ಜೊತೆ ಆಸ್ಪತ್ರೆಗೆ ಓಡಾಡಿದ್ದೇನೆ, ಈಗ ನನಗೆ ನಲವತ್ತು ದಾಟಿದೆ. ಚೀಟಿ ಮಾಡಿಸುವ ಸಾಲಿನಲ್ಲಿ ನಿಂತು ನಿಂತು ಬಂದ ಬುದ್ಧಿ ಇದು ಅಂತ ಓದಿಕೊಳ್ಳಿ. ಡಾಕ್ಟರ್ ಬೇಕು, ಖಂಡಿತ ಬೇಕು. ನಮ್ಮ ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ. ಆದರೆ ನನ್ನನ್ನು ಕೇಳಿದರೆ ಮೊದಲು ಬಸ್ ಚಾರ್ಜಿನ ಲೆಕ್ಕ ಹಾಕಿ.

ನಮ್ಮೂರಿಂದ ಆ ದೊಡ್ಡಾಸ್ಪತ್ರೆಗೆ 130 ಕಿಲೋಮೀಟರ್. ಬೆಳಗಿನ ಜಾವ ನಾಲ್ಕೂವರೆಗೆ ಏಳಬೇಕು. ಅಜ್ಜಿ ರೊಟ್ಟಿ, ಚಟ್ನಿಪುಡಿ ಬಟ್ಟೆಯಲ್ಲಿ ಕಟ್ಟಿಕೊಡುತ್ತಿದ್ದಳು. ಮಾತ್ರೆ ಪುಕ್ಕಟೆ. ಅದನ್ನು ತರೋಕೆ ಇಬ್ಬರ ಬಸ್ ಚಾರ್ಜು, ಟೀ, ಅಪ್ಪನ ಒಂದು ದಿನದ ಕೂಲಿ. ಸರಿ ಇಲ್ಲದ ದಿನಗಳಲ್ಲಿ ಚಿಕ್ಕಪ್ಪ ಬಸ್ಸಿನಲ್ಲಿ ಕೂರುತ್ತಲೇ ಇರಲಿಲ್ಲ. ಕಂಡಕ್ಟರ್ ತನ್ನ ವಿಷಯವೇ ಮಾತಾಡುತ್ತಿದ್ದಾನೆ ಅಂತ ನಡುದಾರಿಯಲ್ಲಿ ಇಳಿದುಬಿಡುತ್ತಿದ್ದರು. ಅಪ್ಪನೂ ಇಳಿಯಬೇಕು. ಅಲ್ಲಿಗೆ ಆ ತಿಂಗಳ ಕಥೆ ಮುಗಿಯಿತು. ಬಿತ್ತನೆ ಸಮಯದಲ್ಲಂತೂ ಹೊರಡುತ್ತಲೇ ಇರಲಿಲ್ಲ. ಮುಂದಿನ ಸಲ ಹೋದಾಗ ಚೀಟಿಯಲ್ಲಿ 'ಇರೆಗ್ಯುಲರ್' ಅಂತ ಬರೆದು ಬೈಯುತ್ತಿದ್ದರು. ಇರೆಗ್ಯುಲರ್ ಆಗಿದ್ದು ಚಿಕ್ಕಪ್ಪನೋ, ನಮ್ಮೂರ ಬಸ್ಸೋ ಅಂತ ಯಾರೂ ಕೇಳಲಿಲ್ಲ.

ಇದು ನಮ್ಮ ಮನೆಯ ಗೋಳು ಮಾತ್ರ ಅಂದುಕೊಂಡಿದ್ದೆ. ಆಮೇಲೆ ಜಿಂಬಾಬ್ವೆಯ ಡಾ. ಡಿಕ್ಸನ್ ಚಿಬಾಂಡಾ ಬಗ್ಗೆ ಓದಿದೆ. ಅವರು ರಾಜಧಾನಿ ಹರಾರೆಯಲ್ಲಿ ಮನೋವೈದ್ಯರು. ಆಗ ಇಡೀ ದೇಶಕ್ಕೆ ಅಂಥವರು ಹತ್ತು-ಹನ್ನೆರಡು ಜನ ಇದ್ದರಂತೆ. 2005ರಲ್ಲಿ ಅವರು ನೋಡುತ್ತಿದ್ದ ಒಬ್ಬ ಯುವತಿ ಪ್ರಾಣ ಕಳೆದುಕೊಂಡಳು. ಮತ್ತೆ ಆಸ್ಪತ್ರೆಗೆ ಬರಬೇಕಿತ್ತು, ಬರಲಿಲ್ಲ. ಯಾಕೆ ಅಂತ ಕೇಳಿದರೆ ಮನೆಯವರು ಹೇಳಿದ್ದು: ಬಸ್ಸಿಗೆ 15 ಡಾಲರ್ ಇರಲಿಲ್ಲ. ಇದನ್ನು ಚಿಬಾಂಡಾ ಅವರೇ ಎಷ್ಟೋ ವೇದಿಕೆಗಳಲ್ಲಿ ಹೇಳಿಕೊಂಡಿದ್ದಾರೆ. ಓದಿ ನಾನು ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ಅವರು ಮುಂದೆ ಮಾಡಿದ ಕೆಲಸವೇ ನಿಮ್ಮ ಪ್ರಶ್ನೆಗೆ ನನಗೆ ಗೊತ್ತಿರುವ ಒಳ್ಳೆಯ ಉತ್ತರ. 2006ರಲ್ಲಿ ಹರಾರೆಯ ಎಂಬಾರೆ ಅನ್ನುವ ಬಡವರ ಬಡಾವಣೆಯಲ್ಲಿ ಏನಾದರೂ ಮಾಡಬೇಕು ಅಂತ ಹೊರಟರು. ದುಡ್ಡಿಲ್ಲ. ನರ್ಸ್‌ಗಳಿಗೆ ಪುರುಸೊತ್ತಿಲ್ಲ. ಕ್ಲಿನಿಕ್ ಒಳಗೆ ಕೋಣೆ ಇಲ್ಲ. ಸಿಕ್ಕಿದ್ದು 14 ಜನ ಅಜ್ಜಿಯರು. ಸುಮ್ನೆ ಬೀದಿಯಿಂದ ಕರೆತಂದವರಲ್ಲ, ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಅದೇ ಬಡಾವಣೆಯಲ್ಲಿ ಮನೆಮನೆ ಸುತ್ತುತ್ತಿದ್ದವರು. ಕೋಣೆ ಇಲ್ಲದ್ದಕ್ಕೆ ಹೊರಗೆ ಒಂದು ಮರದ ಬೆಂಚು ಹಾಕಿದರು. ಅದಕ್ಕೆ ಮೊದಲು 'ಮಾನಸಿಕ ಆರೋಗ್ಯದ ಬೆಂಚು' ಅಂತ ಹೆಸರಿಟ್ಟರೆ ಒಂದು ನರಪಿಳ್ಳೆಯೂ ಬಂದು ಕೂರಲಿಲ್ಲ! ಅಜ್ಜಿಯರೇ ಹೇಳಿ ಹೆಸರು ಬದಲಿಸಿದರು. ಈಗ ಅದು ಜಗತ್ತಿಗೆಲ್ಲ ಗೊತ್ತಿರುವ ಫ್ರೆಂಡ್‌ಶಿಪ್ ಬೆಂಚ್.

ಹೆಸರಿನ ವಿಷಯ ಸಣ್ಣದಲ್ಲ. ಅವರ ಶೋನಾ ಭಾಷೆಯಲ್ಲಿ ಖಿನ್ನತೆಗೆ, ಅಂದರೆ ಡಿಪ್ರೆಶನ್‌ಗೆ, ಜನ ಹೇಳುವ ಮಾತು 'ಕುಫುಂಗಿಸಿಸಾ'. ಅಂದರೆ ಯೋಚನೆ ಜಾಸ್ತಿಯಾಗುವುದು. ನಮ್ಮಲ್ಲೂ ಹಾಗೇ ಅಲ್ವಾ? "ಡಿಪ್ರೆಶನ್ ಆಗಿದೆ" ಅಂತ ನಮ್ಮೂರಲ್ಲಿ ಯಾರೂ ಹೇಳಲ್ಲ. "ಯಾಕೋ ಯೋಚನೆ ಹಚ್ಕೊಂಡುಬಿಟ್ಟಿದ್ದಾಳೆ" ಅನ್ನುತ್ತಾರೆ. "ಎದೆ ಭಾರ", "ನಿದ್ದೆ ಹತ್ತಲ್ಲ" ಅನ್ನುತ್ತಾರೆ. ಅಜ್ಜಿಯರು ಆ ಮಾತಿನಿಂದಲೇ ಶುರು ಮಾಡುತ್ತಾರೆ. ಕೆಲವು ಪ್ರಶ್ನೆಗಳ ಒಂದು ಹಾಳೆ ಇರುತ್ತದೆ. ಮೊದಲ ದಿನ ಪೂರ್ತಿ ಕೇಳಿಸಿಕೊಳ್ಳುವುದು. ಇರುವ ಹತ್ತು ತಾಪತ್ರಯಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಬಂದವರಿಗೇ ಬಿಡುವುದು. ಅದಕ್ಕೆ ಈ ವಾರ ಏನು ಮಾಡಬಹುದು ಅಂತ ಇಬ್ಬರೂ ಸೇರಿ ನೋಡುವುದು. ಹೀಗೆ ಆರು ಸಲ. ಆಮೇಲೆ ಹೆಂಗಸರ ಗುಂಪಿಗೆ ಸೇರಿಸುತ್ತಾರೆ. ಅಲ್ಲಿ ಹಳೆಯ ಪ್ಲಾಸ್ಟಿಕ್ಕಿನಿಂದ ಚೀಲ ಹೆಣೆಯುತ್ತಾ ಮಾತಾಡುತ್ತಾರೆ, ನಾಲ್ಕು ಕಾಸೂ ಸಿಗುತ್ತದೆ.

ಅಜ್ಜಿ ಮಾತಿಗೆ ಕಾಯಿಲೆ ವಾಸಿಯಾಗುತ್ತಾ ಅಂತ ನನಗೂ ಅನುಮಾನ ಇತ್ತು. ಹರಾರೆಯ 24 ಕ್ಲಿನಿಕ್‌ಗಳಲ್ಲಿ 573 ಜನರ ಮೇಲೆ ಪರೀಕ್ಷೆ ಮಾಡಿದ್ದಾರೆ, ಫಲಿತಾಂಶ 2016ರಲ್ಲಿ ಬಂತು. ಆರು ತಿಂಗಳಾದ ಮೇಲೆ, ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಖಿನ್ನತೆ ಇನ್ನೂ ಇತ್ತು. ಬೆಂಚಿನ ಮೇಲೆ ಕೂತವರಲ್ಲಿ ಶೇ. 14ರಷ್ಟು ಜನಕ್ಕೆ ಮಾತ್ರ.

ಇಲ್ಲೇ ಒಂದು ಎಚ್ಚರ. ನಮ್ಮ ಚಿಕ್ಕಪ್ಪನನ್ನು ಆ ಬೆಂಚಿನ ಮೇಲೆ ಕೂರಿಸಿದ್ದರೆ ಏನೂ ಆಗುತ್ತಿರಲಿಲ್ಲ. ಕಿವಿಯಲ್ಲಿ ದನಿ ಕೇಳುವವರಿಗೆ ಮಾತ್ರೆ ಬೇಕು, ತಪ್ಪದೆ ಬೇಕು. ಅಜ್ಜಿಯರೂ ಅಂಥವರನ್ನು ಕ್ಲಿನಿಕ್‌ಗೇ ಕಳಿಸುತ್ತಾರೆ. ಇದನ್ನು ಮರೆತು "ಮಾತಾಡಿ, ಮನಸ್ಸು ಹಗುರ ಮಾಡಿಕೊಳ್ಳಿ" ಅಂತ ಪೋಸ್ಟರ್ ಅಂಟಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹಾಗಾದರೆ ಜೋರು ಕಾಯಿಲೆಯವರಿಗೆ ಏನು ದಾರಿ? ಅದಕ್ಕೆ ದೂರ ಹೋಗಬೇಕಿಲ್ಲ, ಬಳ್ಳಾರಿಗೆ ಬನ್ನಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬೆಂಗಳೂರಿನಿಂದ ಅಷ್ಟು ದೂರದ, ಸುಮಾರು 20 ಲಕ್ಷ ಜನರಿದ್ದ ಆ ಜಿಲ್ಲೆಯನ್ನು ಆರಿಸಿಕೊಂಡರು. ಅದಕ್ಕೂ ಮೊದಲು ಬೆಂಗಳೂರು ಹತ್ತಿರದ ಸಕಲವಾರದಲ್ಲಿ ಹಳ್ಳಿಗಳಿಗೆ ಹೋಗಿ ಕೆಲಸ ಮಾಡಿ ಕಲಿತಿದ್ದರು. ಬಳ್ಳಾರಿಯಲ್ಲಿ ಹೊಸ ಆಸ್ಪತ್ರೆ ಕಟ್ಟುವ ಬದಲು ಆಗಲೇ ಇದ್ದ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರ್‌ಗಳಿಗೆ ತರಬೇತಿ ಕೊಟ್ಟರು. ಊರೂರು ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ಗುರುತು ಹಿಡಿಯುವುದು ಕಲಿಸಿದರು. ಬೆರಳೆಣಿಕೆಯ ಕೆಲವೇ ಔಷಧ, ಒಂದು ಸರಳ ದಾಖಲೆ ಪುಸ್ತಕ, ಮೇಲ್ವಿಚಾರಣೆಗೆ ಜಿಲ್ಲೆಯಲ್ಲೊಂದು ತಂಡ. ಇಷ್ಟೇ. 'ಬಳ್ಳಾರಿ ಮಾದರಿ' ಅಂತಲೇ ಹೆಸರಾಯಿತು. 1996ರಲ್ಲಿ ದೇಶದ ನಾಲ್ಕು ಜಿಲ್ಲೆಗಳಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದರದ್ದೇ ಕೂಸು. ಈಗ ಅದು 700ಕ್ಕೂ ಹೆಚ್ಚು ಜಿಲ್ಲೆಗಳಲ್ಲಿದೆ, ಕಾಗದದ ಮೇಲಂತೂ ಇದೆ.

ಕರ್ನಾಟಕದಲ್ಲಿ ಇದರ ಮೇಲೆ 'ಮನೋಚೈತನ್ಯ' ಬಂತು. ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬಂದು ನೋಡುವುದು. ನಮ್ಮ ಪಾಲಿಗೆ ಅದು 130 ಕಿಲೋಮೀಟರನ್ನು 11ಕ್ಕೆ ಇಳಿಸಿತು. ಅಜ್ಜಿ ಅವರನ್ನು "ಮಂಗಳವಾರದ ಡಾಕ್ಟ್ರು" ಅಂತಲೇ ಕರೆಯುತ್ತಿದ್ದಳು. ಚಿಕ್ಕಪ್ಪ ಎರಡು ವರ್ಷ ಒಂದು ತಿಂಗಳೂ ತಪ್ಪಿಸಲಿಲ್ಲ. ಅದೇ ಮನುಷ್ಯ, ಅದೇ ಕಾಯಿಲೆ, ಅದೇ ಮಾತ್ರೆ.

ಆಮೇಲೆ ಒಂದು ಮಂಗಳವಾರ ಫಾರ್ಮಸಿಯಲ್ಲಿ ಮಾತ್ರೆ ಇರಲಿಲ್ಲ. "ಇಂಡೆಂಟ್ ಹಾಕಿದ್ದೀವಿ, ಬಂದಿಲ್ಲ, ಮುಂದಿನ ವಾರ ನೋಡಿ." ಮುಂದಿನ ವಾರವೂ ಅದೇ. ತಾಲ್ಲೂಕಿನ ಮೆಡಿಕಲ್ ಶಾಪ್‌ಗಳಲ್ಲಿ ಕೇಳಿದರೆ "ಅದು ಹೋಗಲ್ಲ ಸಾರ್, ತರಿಸಲ್ಲ" ಅಂದರು. ಹದಿನೈದು ದಿನ ಕಳೆಯಿತು. ಒಂದು ಬೆಳಿಗ್ಗೆ ನೋಡಿದರೆ ಪಡಸಾಲೆಯ ರೇಡಿಯೋ ಮೇಲೆ ಟವೆಲ್ ಹೊದಿಸಿತ್ತು. ನಮಗೆ ಗೊತ್ತಾಯಿತು. ಕಾಯಿಲೆ ತಿರುಗಿ ಬರುವಾಗ ಚಿಕ್ಕಪ್ಪ ಮೊದಲು ಮಾಡುವುದು ಅದನ್ನೇ, ರೇಡಿಯೋ ತನ್ನನ್ನು ನೋಡುತ್ತದೆ ಅಂತ. ಆ ಸಲ ಸರಿಹೋಗಲು ಐದು ತಿಂಗಳು ಹಿಡಿಯಿತು. ಡಾಕ್ಟರ್ ಪ್ರತಿ ಮಂಗಳವಾರವೂ ಬರುತ್ತಿದ್ದರು, ಪಾಪ, ಅವರದೇನೂ ತಪ್ಪಿಲ್ಲ.

ನಿಮಗೆ ಉಪಯೋಗಕ್ಕೆ ಬರುವ ಒಂದು ವಿಷಯ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಓದಿ. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ, ಎಲ್ಲ ಸಮಯದಲ್ಲೂ ಸಿಗಬೇಕು ಅಂತ ಅದರಲ್ಲೇ ಇದೆ. ನಮಗೆ ಆಗ ಗೊತ್ತಿದ್ದರೆ ಒಂದು ಅರ್ಜಿಯನ್ನಾದರೂ ಬರೆದು ಕೊಡುತ್ತಿದ್ದೆವು.

ಮಾತ್ರೆ ತಪ್ಪದೆ ಸಿಗಬೇಕು ಅನ್ನುವುದು ಮೊದಲನೆಯದು. ಎರಡನೆಯದು, ತಪ್ಪಿಸಿದವರನ್ನು ಹುಡುಕಿಕೊಂಡು ಹೋಗುವವರು ಬೇಕು. ತೀರ್ಥಹಳ್ಳಿಯಲ್ಲಿ ನಿಮ್ಹಾನ್ಸ್‌ನವರು ಇಪ್ಪತ್ತು ವರ್ಷಗಳ ಹಿಂದೆ ಶುರು ಮಾಡಿದ ಕೆಲಸ ನನಗೆ ಇಷ್ಟ ಆಗುವುದು ಇದಕ್ಕೇ. ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಹುಡುಕಿ, ಅಲ್ಲೇ ಚಿಕಿತ್ಸೆ ಕೊಟ್ಟು, ಬಾರದವರ ಬೆನ್ನು ಹತ್ತಿದರು. ನಮ್ಮೂರಲ್ಲಿ ಆ ಕೆಲಸ ಮಾಡುತ್ತಿರುವುದು ಆಶಾ ಅಕ್ಕ. ಅವರಿಗೆ ರೇಡಿಯೋ ವಿಷಯ ಹೇಳಿದ್ದೇವೆ. ಪೋಲಿಯೋ ಹನಿಗೆ ಬರಲಿ, ಬಾಣಂತಿಯನ್ನು ನೋಡಲು ಬರಲಿ, ನಮ್ಮ ಪಡಸಾಲೆಗೆ ಒಂದು ಸಲ ಕಣ್ಣು ಹಾಯಿಸಿಯೇ ಹೋಗುತ್ತಾರೆ. ಇದಕ್ಕೆ ಅವರಿಗೆ ಒಂದು ಪೈಸೆಯೂ ಇಲ್ಲ. ಇದು ಸರಿಯಲ್ಲ. ಹರಾರೆಯ ಅಜ್ಜಿಯರಿಗೂ ಅಲ್ಪಸ್ವಲ್ಪ ಸಂಭಾವನೆ ಇದೆ.

'ಸಮುದಾಯ' ಅನ್ನುವ ಪದ ನಿಮ್ಮ ಪಠ್ಯದಲ್ಲಿ ನೂರು ಸಲ ಬರುತ್ತದೆ. ನಮ್ಮ ಮನೆಯಲ್ಲಿ ಸಮುದಾಯ ಅಂದರೆ ಅಜ್ಜಿ. ಮಾತ್ರೆಯನ್ನು ಅನ್ನದ ತುತ್ತಿನಲ್ಲಿ ಅಡಗಿಸಿ ಕೊಡುತ್ತಿದ್ದವಳು, ರಾತ್ರಿ ಬಾಗಿಲಿಗೆ ಅಡ್ಡ ಮಲಗುತ್ತಿದ್ದವಳು ಅವಳೇ. ಅವಳು ಹೋದ ಮೇಲೆ ಆ ಪಾಳಿ ಅಮ್ಮನಿಗೆ ಬಂತು. ಬೆಲ್ಜಿಯಂನಲ್ಲಿ ಗೀಲ್ ಅನ್ನುವ ಊರಿದೆ. ಮಧ್ಯಯುಗದಿಂದಲೂ ಅಲ್ಲಿನ ಮನೆಗಳವರು ಕಾಯಿಲೆಯವರನ್ನು ತಮ್ಮ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. 1930ರ ದಶಕದ ಕೊನೆಗೆ ಅಂಥವರು 3,700ಕ್ಕೂ ಹೆಚ್ಚು ಜನ ಇದ್ದರು, ಈಗ ಸಂಖ್ಯೆ ತುಂಬ ಇಳಿದಿದೆ. ಎಲ್ಲರೂ ಇದನ್ನು ದೊಡ್ಡ ಪ್ರೀತಿಯ ಕಥೆಯಾಗಿ ಹೇಳುತ್ತಾರೆ, ಪ್ರೀತಿ ಇದೆ, ಇಲ್ಲ ಅನ್ನಲ್ಲ. ಜೊತೆಗೆ ಆ ಮನೆಗಳಿಗೆ ಹಣ ಸಂದಾಯವಾಗುತ್ತದೆ, ತೊಂದರೆಯಾದರೆ ಆಸ್ಪತ್ರೆಯ ತಂಡ ಬೆನ್ನಿಗಿರುತ್ತದೆ. ನಮ್ಮಲ್ಲಿ ಹೊಗಳಿಕೆ ಒಂದೇ ಧಾರಾಳ.

ದೊಡ್ಡ ಆಸ್ಪತ್ರೆಗಳನ್ನು ಮುಚ್ಚಿಬಿಡಬೇಕು ಅನ್ನುವ ವಾದ ನಿಮಗೆ ಸಿಗುತ್ತದೆ. ಇಟಲಿಯ ಟ್ರಿಯೆಸ್ಟೆಯಲ್ಲಿ ಮನೋವೈದ್ಯ ಫ್ರಾಂಕೋ ಬಸಾಲ್ಯಾ 1971ರಿಂದ ಅದನ್ನು ಮಾಡಿ ತೋರಿಸಿದರು, 1978ರಲ್ಲಿ ಕಾನೂನೇ ಬಂತು. ಅಲ್ಲಿ ಅದು ನಡೆದದ್ದು ದಿನದ 24 ಗಂಟೆ ತೆರೆದಿರುವ ಕೇಂದ್ರಗಳನ್ನು ಊರೊಳಗೆ ಮಾಡಿದ್ದರಿಂದ. ಅಮೆರಿಕದಲ್ಲಿ ಅಧ್ಯಕ್ಷ ಕೆನಡಿ 1963ರಲ್ಲಿ ಊರೊಳಗೆ ಮಾನಸಿಕ ಆರೋಗ್ಯ ಕೇಂದ್ರಗಳನ್ನು ಕಟ್ಟುವ ಕಾನೂನಿಗೆ ಸಹಿ ಹಾಕಿದರು, ಆಸ್ಪತ್ರೆಗಳು ಖಾಲಿಯಾದವು, ಹೇಳಿದಷ್ಟು ಕೇಂದ್ರಗಳು ಬರಲಿಲ್ಲ. ಎಷ್ಟೋ ಜನ ಬೀದಿಗೂ ಜೈಲಿಗೂ ಬಿದ್ದರು.

ಇನ್ನು 14416. ಇದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾಯಿತು. ಉಚಿತ, ಕನ್ನಡದಲ್ಲೂ ಮಾತಾಡಬಹುದು, ರಾತ್ರಿಯೂ ಇರುತ್ತದೆ. ಅಮ್ಮ ಎರಡು ಸಲ ಫೋನ್ ಮಾಡಿದ್ದಾಳೆ. ಚಿಕ್ಕಪ್ಪನಿಗಾಗಿ ಅಲ್ಲ, ತನಗೆ ನಿದ್ದೆ ಬರುತ್ತಿಲ್ಲ ಅಂತ.

ಫೀಲ್ಡ್ ವರ್ಕ್‌ಗೆ ಹೋದಾಗ ಒಂದು ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಕೂತುಕೊಳ್ಳಿ. ಡಾಕ್ಟರನ್ನು ಆಮೇಲೆ ಮಾತಾಡಿಸಿದರಾಯಿತು. ಮೊದಲು ಫಾರ್ಮಸಿಯವರನ್ನು ಕೇಳಿ: ಸ್ಕಿಜೋಫ್ರೇನಿಯಾಗೆ ಕೊಡುವ ರಿಸ್ಪೆರಿಡೋನ್ ಮಾತ್ರೆ ಇನ್ನೆಷ್ಟು ದಿನಕ್ಕೆ ಆಗುವಷ್ಟಿದೆ? ಕಳೆದ ಆರು ತಿಂಗಳಲ್ಲಿ ಎಷ್ಟು ಸಲ ಖಾಲಿಯಾಗಿತ್ತು? ಹೋದ ತಿಂಗಳು ಬಂದು ಈ ತಿಂಗಳು ಬಾರದವರ ಪಟ್ಟಿ ಯಾರ ಹತ್ತಿರ ಇದೆ? ಸಾಲಿನಲ್ಲಿ ನಿಂತವರನ್ನು ಬಸ್ಸಿಗೆ ಎಷ್ಟಾಯಿತು ಅಂತ ಕೇಳಿ, ಜೊತೆಗೆ ಬಂದವರ ಕೂಲಿಯನ್ನೂ ಸೇರಿಸಿ ಬರೆದುಕೊಳ್ಳಿ. ಸಿಕ್ಕ ಉತ್ತರಗಳನ್ನು ಇಲ್ಲಿ ಕೆಳಗೆ ಹಾಕಿದರೆ ನಾನೂ ಓದುತ್ತೇನೆ. ತಾಲ್ಲೂಕಿನ ಹೆಸರು ಬೇಡ, ಅಲ್ಲಿರುವವರಿಗೆ ಸುಮ್ನೆ ತೊಂದರೆ.